ದೇರಾದಲ್ಲಿ ಜಪಾನಿ ನಮಸ್ಕಾರ

ಗೆಳೆಯರೇ, ಜಪಾನಿನಲ್ಲಿ ಫೋಟೋಗ್ರಫಿ ಶಿಬಿರ ಮುಗಿಸಿ ಬಂದ ನಮ್ಮ ಬಿಲ್ಡಿಂಗಿನ ವಿಲ್ಸನ್ ಈಗ ಗುರು. ಇವತ್ತು ಶುಕ್ರವಾರದ ರಜೆ ನೋಡಿ, ಬೆಳಿಗ್ಗೆಯೇ ನಮ್ಮನ್ನೆಲ್ಲ ಕ್ಯಾಮೆರಾ ಸಮೇತ ಇಲ್ಲೇ ದುಬೈನ ದೇರಾದ ಮಸಾಲೆ ಮಾರುಕಟ್ಟೆಗೆ ಎಳೆದುಕೊಂಡು ಹೋದ.

"ಕ್ಲಿಕ್ ಮಾಡುವ ಮುಂಚೆ ಬಗ್ಗಿ ಪರ್ಮಿಷನ್ ಕೇಳ್ಬೇಕು. ಜಪಾನಲ್ಲಿ ಹಾಗೇ" ಎಂದವನೇ ಒಂದು ಅಂಗಡಿಯೆದುರು ನಡು ಮುರಿಯುವಷ್ಟು ಬಗ್ಗಿದ. ಹಿಂದೆ ನಿಂತಿದ್ದ ಶಿಷ್ಯರಾದ ನಾವೂ ಬಗ್ಗಿದೆವು.

ಅಂಗಡಿಯ ಯಜಮಾನರು ಭಟ್ಕಳದವರು. ನಮ್ಮ ಕನ್ನಡ ಅವರ ಕಿವಿಗೆ ಬಿದ್ದಿತ್ತು. "ಎಂತ ಮಾರಾಯ್ರೇ, ಎಲ್ರಿಗೂ ಒಟ್ಟಿಗೇ ಸೊಂಟ ಹಿಡ್ಕೊಂಡಿದಾ? ಕೂತ್ಕೊಳ್ಳಿ" ಎಂದು ಸ್ಟೂಲು ಮುಂದೆ ತಳ್ಳಿದರು.

"ಫೋಟೋ ತೆಗೀಲಿಕ್ಕೆ ಸಾಹೇಬ್ರೇ. ನಾವು ಇಲ್ಲವೇ ಇಲ್ಲ ಅಂತ ತಿಳ್ಕೊಂಡು ನ್ಯಾಚುರಲ್ಲಾಗಿ ಇರಿ" ಎಂದ ವಿಲ್ಸನ್.

"ನೀವು ಬರುವ ತನಕ ಹಾಗೇ ಇದ್ದೆ."

ಆದರೂ ಪಾಪ, ಏಲಕ್ಕಿ ಮೂಟೆಯ ಪಕ್ಕ ಕೂತರು. ನಾವೆಲ್ಲ ಸುತ್ತಲೂ ಮುಗಿಬಿದ್ದೆವು. ಒಳಗೆ ಬರಲು ದಾರಿಯಿಲ್ಲದೆ ನಿಂತಿದ್ದ ಗಿರಾಕಿ "ಖಲಾಸ್" ಎಂದು ಪಕ್ಕದ ಅಂಗಡಿಗೆ ಹೋದ. ಯಜಮಾನರು ಅತ್ತಲೇ ನೋಡುತ್ತಿದ್ದರು. ವಿಲ್ಸನ್ ಕ್ಲಿಕ್ಕಿಸಿದ್ದು ಆಗಲೇ.

ಈಗ ಆ ಫೋಟೋ ಅವನ ಪೇಜಿನಲ್ಲಿದೆ, ಕಪ್ಪು-ಬಿಳುಪಿನಲ್ಲಿ. ಶೀರ್ಷಿಕೆ: 'ಏಕಾಂತ'. ಲೈಕ್ ಒತ್ತುವವರು ಧಾರಾಳವಾಗಿ ಒತ್ತಿ. ಎಡಮೂಲೆಯಲ್ಲಿ ಕಾಣುವ ಮೊಣಕೈ ನನ್ನದು.