ಹಡಗಿನ ಏಣಿಯ ಹೂಗಂಟು

ಅನುಮಾನ ನನಗೆ ತವರಿನಿಂದ ಬಂದ ಬಳುವಳಿ. ನಮ್ಮವ್ವ ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದಳು. ನಾನು ಅಷ್ಟು ನಿಷ್ಠುರದವಳಲ್ಲ, ಅವನು ಬೆನ್ನು ತಿರುಗಿಸಿದ ಮೇಲೆ ನೋಡುತ್ತೇನೆ. ಹೀಗಿರುವಾಗ ನಮ್ಮ ಯಜಮಾನರು, ಗುಂಡ್ಲುಪೇಟೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಮೋಟಾರ್ ವೈಂಡಿಂಗ್ ಅಂಗಡಿಯನ್ನು ಒಂದು ಬೆಳಿಗ್ಗೆ ತಮ್ಮನಿಗೆ ಒಪ್ಪಿಸಿ ಬಂದು, "ಸಾಕು ಕಣಮ್ಮಿ, ಇನ್ನು ನಂಗೆ ಇಷ್ಟ ಬಂದದ್ದು ಮಾಡ್ತೀನಿ" ಅಂದರೆ ನಾನು ಸುಮ್ಮನೆ ನಂಬಲಾ?

ಅವರಿಗೆ ಇಷ್ಟ ಬಂದದ್ದು ಹಡಗು. ನೂರಾರು ವರ್ಷದ ಹಿಂದೆ ಸಮುದ್ರದಲ್ಲಿ ಕಾದಾಡುತ್ತಿದ್ದ ಹಾಯಿ ಹಡಗು. ಮೂರು ಕಂಬ, ಎರಡು ಮಗ್ಗುಲಲ್ಲೂ ತೋಪಿನ ಕಿಂಡಿಗಳ ಸಾಲು. ಅದರ ನಕ್ಷೆಯನ್ನು ಎಲ್ಲಿಂದಲೋ ತರಿಸಿ, ನಾವು ಅರಿಸಿನ ತುಂಬಿಡುತ್ತಿದ್ದ ಕೋಣೆಯಲ್ಲಿ ಮೇಜು ಹಾಕಿಕೊಂಡು, ನನ್ನ ಮೊಳಕೈಯಷ್ಟುದ್ದದ ಮರದ ಹಡಗು ಕಟ್ಟಲು ಕೂತರು. ನಮ್ಮೂರಿಗೂ ಸಮುದ್ರಕ್ಕೂ ಏನು ಸಂಬಂಧ? ಕೇರಳದಿಂದ ಬರುವ ಮೀನಿನ ಲಾರಿ ಒಂದೇ. ನಾವು ಅದನ್ನೂ ತಿನ್ನುವವರಲ್ಲ.

ಒಂದು ದಿನ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಹಲಸಿನ ಮರದ ಪಟ್ಟಿಗಳು ಬೇಯುತ್ತಿದ್ದವು. ಬಿಸಿ ನೀರಲ್ಲಿ ನೆನೆದರೆ ಹಡಗಿನ ಹೊಟ್ಟೆಯ ಹಾಗೆ ಬಾಗುತ್ತವಂತೆ. ಆ ವಾರವೆಲ್ಲ ಇಡ್ಲಿಗೆ ಅಂಟಿನ ವಾಸನೆ. ಪಕ್ಕದ ಮನೆಯವಳು ಕಿಟಕಿಯಲ್ಲಿ ಇಣುಕಿ, "ಬೀಟೆ ಮರವೇನಕ್ಕಾ? ಫಾರೆಸ್ಟ್‌ನೋರು ಬಂದಾರು, ಉಸಾರು" ಅಂದಳು. ಅನುಮಾನದಲ್ಲಿ ಅವಳು ನನಗೇ ಅಕ್ಕ. ಹಲಸು ಮತ್ತು ಸಿಲ್ವರ್ ಓಕ್ ಎಂದು ಹೇಳಿ ಕಿಟಕಿ ಹಾಕಿದೆ.

ನನ್ನ ಅನುಮಾನ ಮರದ ಮೇಲಲ್ಲ, ಮಂಗಳವಾರದ ಮೇಲೆ. ಮಂಗಳವಾರ ಬಂತೆಂದರೆ ಇವರು ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೊರಟುಬಿಡುತ್ತಿದ್ದರು. ಕೇಳಿದರೆ, "ಹಗ್ಗಕ್ಕೆ ರೇಷ್ಮೆ ದಾರ ಬೇಕು ಕಣಮ್ಮಿ." ನಿಂಬೆಹಣ್ಣಿನಷ್ಟು ದಪ್ಪದ ಒಂದು ಉಂಡೆ ದಾರ ಆ ಹಡಗಿಗೆ ವರ್ಷವೆಲ್ಲ ಸಾಕು. ವಾರ ವಾರ ತರುವುದಕ್ಕೆ ಇವರೇನು ನಿಜವಾದ ಹಡಗು ಕಟ್ಟುತ್ತಿದ್ದಾರಾ?

ಆಮೇಲೆ ಒಂದೊಂದೇ ಸಿಕ್ಕಿತು. ಒಗೆಯಲು ಹಾಕಿದ ಅಂಗಿಯಲ್ಲಿ ಕಾಕಡ ಹೂವಿನ ವಾಸನೆ. ಜೇಬಿನಲ್ಲಿ ಒದ್ದೆ ಬಾಳೆನಾರಿನ ಎಳೆ. ಮನೆಗೆ ಮಾತ್ರ ಒಂದು ಮೊಳ ಹೂ ತಂದವರಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ? ಐವತ್ತು ದಾಟಿದ ಹೆಂಗಸು ಗಂಡನ ಅಂಗಿ ಮೂಸುತ್ತಾಳೆಂದರೆ ನಗುವವರೇ ಎಲ್ಲ.

ಅವರು ಸ್ನಾನಕ್ಕೆ ಹೋಗಿದ್ದಾಗ ಒಂದು ಬೆಳಿಗ್ಗೆ ಕೋಣೆಗೆ ನುಗ್ಗಿದೆ. ಕಂಬದ ತುದಿಗೆ ನಾವಿಕರು ಹತ್ತಲು ಹಡಗಿನಲ್ಲಿ ಹಗ್ಗದ ಏಣಿಗಳಿರುತ್ತವೆ, ಒಂದೊಂದು ಮೆಟ್ಟಿಲಿಗೂ ಸಾಲು ಗಂಟು. ಆ ಏಣಿಗಳನ್ನು ಅವರು ಮೊದಲು ಪುಟ್ಟ ಚೌಕಟ್ಟಿನ ಮೇಲೆ ಕಟ್ಟಿ, ಆಮೇಲೆ ಹಡಗಿಗೆ ಸೇರಿಸುತ್ತಿದ್ದರು. ಮುಂದಿನ ಕಂಬದ ಏಣಿ ನೋಡಿದೆ. ಗಂಟುಗಳು ಸೊಟ್ಟ, ಒಂದಿದ್ದಂತೆ ಇನ್ನೊಂದಿಲ್ಲ, ಮೇಲೆ ಅಂಟು ಮೆತ್ತಿದೆ. ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿ ಬಾಳಿದ ಕೈಯೇ ಇದು? ನಡುಗಂಬದ ಏಣಿ ನೋಡಿದೆ. ಪ್ರತಿ ಗಂಟೂ ಒಂದೇ ಸಮ. ದಾರವನ್ನು ಒಂದು ಸುತ್ತು ಸುತ್ತಿ, ಬೆರಳಲ್ಲಿ ಕುಣಿಕೆ ಮಾಡಿ ತೊಡಿಸಿ ಎಳೆದ ಗಂಟು. ನಾನು ದಿನಾ ಸಂಜೆ ಪೂಜೆಗೆ ಹೂ ಕಟ್ಟುವ ಗಂಟು ಅದೇ. ಅದು ಗಂಡಸಿನ ಕೈ ಅಲ್ಲ. ಅಂದರೆ ಮಂಗಳವಾರ ಚೌಕಟ್ಟು ಚೀಲದಲ್ಲಿ ಹೋಗುತ್ತಿತ್ತು. ಅದನ್ನು ಕಟ್ಟಿಕೊಡುವವಳು ಯಾವಳೋ ಚಾಮರಾಜನಗರದಲ್ಲಿದ್ದಾಳೆ.

ಮುಂದಿನ ಮಂಗಳವಾರ ಅವರ ಬಸ್ಸಿನ ಹಿಂದೆಯೇ ಬಂದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಚೆನ್ನಾಗಿಯೇ ಜೋಡಿಸಿದ್ದೆ.

ಕಾಕಡ, ಬಾಳೆನಾರು ಅಂದ ಮೇಲೆ ಹೂವಿನ ಅಂಗಡಿಗಳ ಕಡೆಗೇ ಹೋದೆ, ಹುಡುಕುವುದೇನೂ ಕಷ್ಟವಾಗಲಿಲ್ಲ. ದೊಡ್ಡ ದೇವಸ್ಥಾನದ ಬದಿಯ ಹೂವಿನ ಸಾಲಿನಲ್ಲಿ, ಒಂದು ಜಗಲಿಯ ಮೇಲೆ, ಇವರು ಕಾಲು ಮಡಚಿ ಕೂತಿದ್ದರು. ಪಕ್ಕದಲ್ಲಿ ಅವಳು. ನಮ್ಮತ್ತೆ ಇದ್ದಿದ್ದರೆ ಅಷ್ಟು ವಯಸ್ಸು, ಬಾಯಲ್ಲಿ ಎರಡೋ ಮೂರೋ ಹಲ್ಲು. ನಾನು ಜೋಡಿಸಿಟ್ಟ ಒಂದು ಮಾತೂ ಆ ಮುದುಕಿಗೆ ಹೊಂದುವಂತಿರಲಿಲ್ಲ. ಇವರ ತೊಡೆಯ ಮೇಲೆ ಹಡಗಿನ ಚೌಕಟ್ಟು, ಕೈಯಲ್ಲಿ ರೇಷ್ಮೆ ದಾರ, ಕಣ್ಣು ಮುಚ್ಚಿತ್ತು. ಗಂಟು ಹಾಕುತ್ತಿದ್ದದ್ದು ಅವಳಲ್ಲ, ಇವರೇ.

"ಕಣ್ ಬುಡಬ್ಯಾಡಿ ಸಾಮಿ," ಅನ್ನುತ್ತಿದ್ದಳು ಮುದುಕಿ. "ಕಣ್ ಬುಟ್ರೆ ಬೆರ್ಳು ಸೋಮಾರಿ ಆಯ್ತವೆ."

ನಾನು ಬಾಳೆ ಎಲೆ ಮಾರುವವನ ಹಿಂದೆ ಸರಿದು ನಿಂತೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಂದು ಅನುಮಾನ ಸತ್ತ ಜಾಗದಲ್ಲಿ ಇನ್ನೊಂದು ಹುಟ್ಟಿತು. ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡು ಇವರು ಯಾಕೆ ಕಲಿಯಬೇಕು?

ಸ್ವಲ್ಪ ಹೊತ್ತಿಗೆ ಅವರು ಚೌಕಟ್ಟನ್ನು ಚೀಲಕ್ಕೆ ಹಾಕಿ ಎದ್ದರು. ಜಗಲಿಯಿಂದ ಇಳಿಯುವಾಗ ಕಾಲು ಮೆಟ್ಟಿಲ ಅಂಚನ್ನು ತಡಕಿತು. ನಾನು ನಿಂತ ಕಡೆಗೇ ಬಂದರು. ಸೆರಗು ಮುಖಕ್ಕೆ ಎಳೆದುಕೊಳ್ಳಲೂ ಮರೆತು ನಿಂತಿದ್ದೆ. ಎರಡು ಮಾರು ದೂರದಲ್ಲಿ, ನನ್ನ ಮಗ್ಗುಲಲ್ಲೇ ದಾಟಿಕೊಂಡು ಹೋದರು. ನೋಡಲಿಲ್ಲ. ನೋಡಿಯೂ ನೋಡದವರಂತೆ ಹೋದರಲ್ಲ ಎಂದು ಮೊದಲು ಸಿಟ್ಟೇ ಬಂತು. ರಸ್ತೆಯ ತಿರುವಿನಲ್ಲಿ ಅವರು ಕಣ್ಣಿನ ಡಾಕ್ಟರ ಬೋರ್ಡಿದ್ದ ಬಾಗಿಲೊಳಗೆ ಹೋದಾಗ ಅದು ನೋಡದೆ ಹೋದದ್ದಲ್ಲ, ಕಾಣದೆ ಹೋದದ್ದು ಎಂದು ಹೊಳೆಯಿತು. ಸಿಕ್ಕ ಬಸ್ಸು ಹತ್ತಿ ಮನೆಗೆ ಬಂದೆ.

ಸಂಜೆ ಅವರು ಬಂದು ಜಗಲಿಯ ಮೇಲೆ ಕೂತು ಬೀದಿ ನೋಡುತ್ತಿದ್ದರು. ಕಾಫಿ ಲೋಟವನ್ನು ಯಾವಾಗಲೂ ಬಲಗೈ ಪಕ್ಕ ಇಡುವವಳು ಅವತ್ತು ಎಡಗಡೆ, ಒಂದು ಗೇಣು ದೂರ ಇಟ್ಟೆ. ಅಂಥ ಕೆಲಸ ಯಾರಾದರೂ ಮಾಡುತ್ತಾರಾ? ನಾನು ಮಾಡಿದೆ. ಅವರ ಕೈ ಎಂದಿನ ಜಾಗಕ್ಕೆ ಹೋಯಿತು, ಬರೀ ಕಲ್ಲು ಸವರಿತು, ಮತ್ತೆ ಸವರಿತು. ನನಗೆ ತಡೆಯಲಾಗಲಿಲ್ಲ. ಲೋಟವನ್ನು ಕೈಗೆ ಹಿಡಿಸಿ ಅಳಲು ಶುರುಮಾಡಿದೆ.

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ, "ಪಕ್ಕದಿಂದ ಕತ್ಲೆ ಬತ್ತಾ ಅದೆ ಕಣಮ್ಮಿ," ಅಂದರು. "ಮುಂದುಕ್ಕೆ ಇನ್ನೂ ಕಾಣ್ತದೆ. ಓಗಿರೋದು ವಾಪಸ್ ಬರಲ್ವಂತೆ. ಇರೋದ ಉಳಿಸ್ಕಳಕೆ ನಿಂಗೆ ಕಾಣ್ದಂಗೆ ಔಷ್ದಿ ಬುಟ್ಕತೀನಿ. ಪೂರ್ತಿ ಕತ್ಲೆ ಆಗೋದ್ರೊಳ್ಗೆ ಹಡಗು ಮುಗಿಸ್ಬೇಕು ಅಂತ."

ದುಃಖದ ಜೊತೆಗೇ ನನಗೆ ಕೋಪ ಬಂತು. "ನಿಮ್ಮೆದುರಿಗೇ ದಿನಾ ಹೂ ಕಟ್ತಾ ಕೂತಿರ್ತೀನಲ್ಲ, ನನ್ನ ಕೇಳಿದ್ರೆ ಹೇಳಿಕೊಡ್ತಿರ್ಲಿಲ್ವಾ? ಬಸ್ ಹತ್ತಿ ಊರು ಬುಟ್ಟು ಊರಿಗೆ ಓಗ್ಬೇಕಿತ್ತಾ?"

"ನೀನು ಹೂ ಕಟ್ಟೋದ ನೋಡಿದ್ಮೇಲೇ ಈ ಗಂಟು ಹೊಳ್ದದ್ದು," ಅಂದರು. "ನಿನ್ನ ಕೇಳ್ಬೋದಿತ್ತು. ಆದ್ರೆ ನೀನು ಮೊದ್ಲು 'ಯಾಕೆ' ಅಂತಿದ್ದೆ. ಯಾಕೆ ಅಂತ ಕೇಳ್ದೆ ಒಂದ್ ದಿನಾನಾದ್ರೂ ನೀನು ನಂಗೆ ಏನಾದ್ರೂ ಕೊಟ್ಟಿದ್ದೀಯಾ?"

ಲೋಟ ತೆಗೆದುಕೊಂಡು ಒಳಗೆ ಹೋದೆ.

ಮುಂದಿನ ಮಂಗಳವಾರ ಅವರು ಬಸ್ಸಿಗೆ ಹೋಗಲಿಲ್ಲ. ಉಳಿದಿದ್ದದ್ದು ಹಿಂದಿನ ಕಂಬದ ಏಣಿ. ಅವರ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂತೆ. ಅಂಗಡಿ ಒಪ್ಪಿಸಿಕೊಂಡ ಅವರ ತಮ್ಮನಿಗೆ ಮೊದಲೇ ಗೊತ್ತಿತ್ತಾ? ಡಾಕ್ಟರು ಎಷ್ಟು ಕಾಲ ಅಂದರು? ಇನ್ನೂ ಏನಾದರೂ ನನ್ನಿಂದ ಮುಚ್ಚಿಟ್ಟಿದ್ದಾರಾ? ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು.

ಅವರು ಕಣ್ಣು ಮುಚ್ಚಿ ಕೈ ಚಾಚಿದರು. "ಒಂದ್ ಎಳೆ ಕೊಡಮ್ಮಿ."

ದಾರವನ್ನು ನೀರಲ್ಲಿ ಅದ್ದಿ, ಹಿಂಡಿ, ಅವರ ಬೆರಳಿಗೆ ಸುತ್ತಿ ಕೊಟ್ಟೆ. ಏನೂ ಕೇಳಲಿಲ್ಲ.