ನುಂಗುವ ಹದ

ಮದ್ದೂರಿನಿಂದ ಚಿಕ್ಕರಸಿನಕೆರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ನಾನು ನಿದ್ದೆ ಮಾಡುತ್ತಿದ್ದೆ. ನಿದ್ದೆ ಅನ್ನುವುದಕ್ಕಿಂತ ಮಂಪರು. ಕಬ್ಬಿನ ಗದ್ದೆ, ನಾಲೆಯ ನೀರು, ಯಾರದೋ ಬುಟ್ಟಿಯ ಕೊತ್ತಂಬರಿ ಸೊಪ್ಪಿನ ವಾಸನೆ ಎಲ್ಲ ಒಂದರೊಳಗೊಂದು ಕಲೆಸಿಹೋಗುತ್ತಿದ್ದವು. ಎಚ್ಚರವಾಗುತ್ತಿದ್ದದ್ದು ಬೆಲ್ಲ ಕಾಯಿಸುವ ವಾಸನೆಗೆ. ಅದು ಮೂಗಿಗೆ ಬಡಿದರೆ ನಾನು ಇಳಿಯುವ ಜಾಗ ಬಂತೆಂದೇ ಅರ್ಥ. ಕಂಡಕ್ಟರ್ ಕೂಗುತ್ತಿದ್ದದ್ದು ಆಮೇಲೆ.

ರೋಗಿಗಳ ಮನೆಗೇ ಹೋಗಿ ಅವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಂಡ್ಯದ ಒಂದು ಸಂಸ್ಥೆಯವರು ತರಬೇತಿ ಕೊಟ್ಟು, ಒಂದು ನೀಲಿ ಕೋಟನ್ನೂ ಒಂದು ನೋಟ್‌ಬುಕ್ಕನ್ನೂ ಕೈಗಿಟ್ಟು ಕಳಿಸಿದ್ದರು. ಏನು ಉಣ್ಣಿಸಿದೆ, ಯಾವ ಮಗ್ಗುಲಿಗೆ ಮಲಗಿಸಿದೆ, ಏನು ಎಡವಟ್ಟಾಯಿತು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಎಡವಟ್ಟಿನ ಕಾಲಂ ನನ್ನ ಪುಸ್ತಕದಲ್ಲಿ ಯಾವಾಗಲೂ ಖಾಲಿ. ಅದರ ಬಗ್ಗೆ ನನಗೆ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಚಿಕ್ಕರಸಿನಕೆರೆಯಲ್ಲಿ ನಾನು ಹೋಗುತ್ತಿದ್ದ ಮನೆಯ ಯಜಮಾನರು ಅರವತ್ತರ ಆಸುಪಾಸಿನವರು. ಆಲೆಮನೆಯಲ್ಲಿ ಪಾಕದ ಹದ ನೋಡುತ್ತಿದ್ದವರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಯಾವ ಗಳಿಗೆಗೆ ಬೆಲ್ಲವಾಗುತ್ತದೆಂದು ಅವರಷ್ಟು ಸರಿಯಾಗಿ ಹೇಳುವವರು ಸುತ್ತಲ ಹಳ್ಳಿಗಳಲ್ಲಿ ಇಲ್ಲವೆಂದು ಅವರ ಹೆಂಡತಿ ಮೊದಲ ದಿನವೇ ನನಗೆ ಹೇಳಿದ್ದರು. ಈಗ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ನಿಂತಿತ್ತು. ನುಂಗುವುದೂ ಕಷ್ಟವಾಗಿತ್ತು. ನೀರಾದದ್ದು ಕೊಟ್ಟರೆ ಉಸಿರಿನ ದಾರಿಗೆ ಜಾರುತ್ತದೆ, ಗಟ್ಟಿಯಾದದ್ದು ಕೊಟ್ಟರೆ ಗಂಟಲಲ್ಲಿ ಕೂರುತ್ತದೆ, ಆದ್ದರಿಂದ ಮಂದವಾದ ಗಂಜಿ ಮಾತ್ರ ಕೊಡಿ ಎಂದು ಡಾಕ್ಟರು ಹೇಳಿದ್ದರು. ಅದನ್ನೂ ನೆಟ್ಟಗೆ ಕೂರಿಸಿ, ಗದ್ದ ಎದೆಯ ಕಡೆಗೆ ಬಗ್ಗಿಸಿ, ಅರ್ಧರ್ಧ ಚಮಚ ಕೊಡಬೇಕು. "ತಲೆ ಬಗ್ಸಿ, ನುಂಗಿ." ದಿನವಿಡೀ ನನ್ನ ಬಾಯಲ್ಲಿ ಇದೊಂದೇ ಮಾತು.

ಆ ಮನೆಯ ಮಧ್ಯಾಹ್ನಗಳು ಈಗಲೂ ಕನಸಿನಲ್ಲಿ ಬರುತ್ತವೆ. ಬೆಳಕಿಂಡಿಯಿಂದ ಇಳಿದ ಬಿಸಿಲು ಹಾಸಿಗೆಯ ಕಾಲ ಕಡೆಯಿಂದ ತಲೆಯ ಕಡೆಗೆ ನಿಧಾನವಾಗಿ ಹತ್ತುತ್ತಿತ್ತು. ದೂರದ ಗಾಣ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಯಾವುದು ಗಾಣದ ಸದ್ದು, ಯಾವುದು ಅವರ ಉಸಿರು ಎಂದು ತೂಕಡಿಕೆಯಲ್ಲಿ ನನಗೆ ತಿಳಿಯುತ್ತಿರಲಿಲ್ಲ. ಒಳಗೆ ಹೆಂಡತಿ ಮುದ್ದೆ ಕಟ್ಟುವಾಗ ಮಾತ್ರ ಅವರ ಕಣ್ಣು ಪೂರ್ತಿ ತೆರೆಯುತ್ತಿತ್ತು. ರಾಗಿಯ ಹಬೆ, ಉಪ್ಸಾರಿನ ಖಾರದ ಘಮ ಹಜಾರಕ್ಕೆ ಬರುತ್ತಿದ್ದಂತೆ ಎಡಗೈ ಬೆರಳುಗಳು ಹೊದಿಕೆಯ ಮೇಲೆ ಏನನ್ನೋ ಮುರಿದು, ಉಂಡೆ ಮಾಡಿ, ಅದ್ದಿಕೊಳ್ಳುತ್ತಿದ್ದವು.

ನಾನು ಮಳವಳ್ಳಿಯ ಪಂಪ್‌ಸೆಟ್ ಮೆಕ್ಯಾನಿಕ್ ಒಬ್ಬರ ಮಗಳು. ನಮ್ಮ ಮನೆಯಲ್ಲಿ ಮಾತು ಉರ್ದು, ಊಟ ಮುದ್ದೆ. ಚಿಕ್ಕವಳಿದ್ದಾಗ ಅಗಿಯಲು ಹೋದರೆ ಅಬ್ಬಾ ತಲೆಗೆ ಮೊಟಕಿ, ಹಲ್ಲಿಗೆ ಮೆತ್ತಿಕೊಳ್ಳುತ್ತೆ, ಸುಮ್ಮನೆ ನುಂಗು ಅನ್ನುತ್ತಿದ್ದರು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆಯನ್ನೂ ಜೊತೆಗೇ ಉಣ್ಣಿಸುತ್ತಿದ್ದರು. ಹೀಗೆ ಬೆಳೆದವಳಿಗೆ ಮುದ್ದೆ ಗಟ್ಟಿ ಪದಾರ್ಥವೆಂದು ಹೊಳೆಯುವುದೇ ಇಲ್ಲ. ಗಟ್ಟಿ ಅಂದರೆ ಚಕ್ಕುಲಿ, ಕಡಲೆಕಾಯಿ. ಮುದ್ದೆಗೆ ಹಲ್ಲೇ ಬೇಡವಲ್ಲ.

ಅವರ ಹೆಂಡತಿಯ ತರ್ಕವೂ ಅದೇ. ಒಂದು ಮಧ್ಯಾಹ್ನ ತಟ್ಟೆ ಹಿಡಿದು ಬಂದು ನಿಂತರು.

"ಅಗಿಯಾಕಾಗ್ದವ್ರಿಗೆ ಮುದ್ದೆಗಿಂತ ಇನ್ನೇನದೆ ಕಣಮ್ಮ? ನುಂಗುದ್ರಾಯ್ತು. ಒಂದ್ ತುತ್ತು ಕೊಡು."

ತಪ್ಪನ್ನು ಆಕೆಯ ಮೇಲೆ ಹೊರಿಸಲಾರೆ. ಕೊಟ್ಟ ಕೈ ನನ್ನದು. ಕಡಲೆಕಾಯಿಯಷ್ಟು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟೆ. ಅವರ ಮುಖ ಅರಳಿತು. ಮರುಗಳಿಗೆಯೇ ಕಣ್ಣು ಅಗಲವಾಗಿ ನಿಂತುಬಿಟ್ಟಿತು. ಕೆಮ್ಮು ಬರಲಿಲ್ಲ, ಉಸಿರೂ ಇಲ್ಲ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದೆ. ಎಷ್ಟು ಸಲ ಗುದ್ದಿದೆನೋ ನೆನಪಿಲ್ಲ, ಆ ಹೊತ್ತಿನಲ್ಲಿ ದೂರದ ಗಾಣವೂ ನಿಂತ ಹಾಗಿತ್ತು. ಕೊನೆಗೆ ತುತ್ತು ನನ್ನ ಅಂಗೈಗೆ ಬಿತ್ತು. ಇನ್ನೂ ಬಿಸಿಯಾಗಿತ್ತು.

ಅವರ ಉಸಿರು ಹದಕ್ಕೆ ಬಂದ ಮೇಲೆ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಬರೀಬ್ಯಾಡ ಬುಡಮ್ಮ. ಏನೂ ಆಗ್ನಿಲ್ವಲ್ಲ. ನಿನ್ ಕೆಲ್ಸಕ್ಕೆ ಕುತ್ತು ಬಂದಾತು."

ನೋಟ್‌ಬುಕ್ಕಿನಲ್ಲಿ ಎಡವಟ್ಟಿನ ಕಾಲಂ ತೆರೆದು ಪೆನ್ನು ಹಿಡಿದೆ. ಕೆಲಸ ಹೋಗುವ ಭಯ ನಿಜವಾಗಿಯೂ ಇತ್ತು. ಆದರೆ ಕಾಲಂ ಖಾಲಿ ಬಿಟ್ಟರೆ ನಾಳೆ ನನ್ನ ಬದಲಿಗೆ ಬರುವವಳೂ ಮುದ್ದೆ ಕೊಟ್ಟಾಳು. ಅವಳೂ ಇದೇ ಸೀಮೆಯವಳು, ಅವಳ ಅಪ್ಪನೂ ನುಂಗು ಎಂದೇ ಹೇಳಿಕೊಟ್ಟಿರುತ್ತಾನೆ. ಮುದ್ದೆ ಕೊಟ್ಟೆ, ಉಸಿರು ಕಟ್ಟಿತು, ತಪ್ಪು ನನ್ನದು ಎಂದು ಬರೆದೆ. ಬರೆದ ಕೂಡಲೇ ನಮ್ಮ ಮೇಲ್ವಿಚಾರಕಿ ಸಿಸ್ಟರಿಗೆ ಫೋನು ಮಾಡಿದೆ.

ಆಕೆ ಮಂಡ್ಯದಿಂದ ಬಂದರು. ಯಜಮಾನರನ್ನು ಮದ್ದೂರಿನ ಡಾಕ್ಟರಿಗೆ ತೋರಿಸಿದ್ದಾಯಿತು. ಎದೆಗೇನಾದರೂ ಇಳಿದಿದ್ದರೆ ಜ್ವರ ಬರುತ್ತದೆಂದು ಕೆಲವು ದಿನ ಕಾದೆವು, ಬರಲಿಲ್ಲ. ಬೈಗುಳಕ್ಕೆ ನಾನು ಬೆನ್ನು ಗಟ್ಟಿ ಮಾಡಿಕೊಂಡಿದ್ದೆ. ಸಿಸ್ಟರು ಬೈಯಲಿಲ್ಲ, ಗಂಜಿ ಹೇಗೆ ಮಾಡುತ್ತೀರಿ ತೋರಿಸಿ ಅಂದರು. ಮಾಡಿ ತೋರಿಸಿದಾಗಲೇ ಗೊತ್ತಾಗಿದ್ದು, ನನ್ನ ಗಂಜಿ ಒಂದು ದಿನ ಸಾರಿನಷ್ಟು ತೆಳು, ಇನ್ನೊಂದು ದಿನ ಅಂಟಿನಷ್ಟು ಗಟ್ಟಿ. ಚಮಚ ಓರೆ ಮಾಡಿದರೆ ಸುರಿಯಲೂ ಬಾರದು, ಅಂಟಿ ನಿಲ್ಲಲೂ ಬಾರದು, ಜಾರಿ ಬೀಳಬೇಕು ಎಂದರು. ಆಕೆ ಹೋದ ಮೇಲೆ ನಾನು ಕಲೆಸಿದೆ, ಕೆಟ್ಟಿತು. ಮತ್ತೆ ಕಲೆಸಿದೆ, ಮತ್ತೆ ಕೆಟ್ಟಿತು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇರುವವಳು, ಬಟ್ಟಲನ್ನು ಕುಕ್ಕಿದೆ.

ಹಾಸಿಗೆಯಿಂದ ಎಡಗೈ ಮುಂದೆ ಬಂತು. ಚಮಚ ಕೇಳುತ್ತಿದ್ದರು.

ಕೊಟ್ಟೆ. ಗಂಜಿಯನ್ನೆತ್ತಿ, ಬೆಳಕಿಗೆ ಹಿಡಿದು, ಓರೆ ಮಾಡಿ ಬೀಳುವುದನ್ನೇ ನೋಡಿದರು. ತಲೆ ಅಡ್ಡಡ್ಡ ಆಡಿಸಿದರು. ಚಿಟಿಕೆ ಹಿಟ್ಟು ಹಾಕಿ ಕುದಿಸಿ ತಂದೆ, ಮತ್ತೆ ಅಡ್ಡಡ್ಡ. ಮೂರನೆಯ ಸಲ ಹನಿ ಜಾರಿ ಬಿದ್ದಾಗ ಕಣ್ಣು ಮುಚ್ಚಿ ತೆರೆದರು. ಹದ ಬಂತು ಎಂದರ್ಥ. ಅಂದಿನಿಂದ ಅವರು ಕಣ್ಣು ಮುಚ್ಚಿ ತೆರೆಯದೆ ಒಂದು ಚಮಚವೂ ಅವರ ಬಾಯಿಗೆ ಹೋಗಲಿಲ್ಲ.

ದಿನಗಳು ಹೀಗೇ ಹರಿದವು. ಒಂದೊಂದೇ ಮಾತು ತೊದಲಾಗಿ ಮರಳಿ ಬಂತು. ಮುದ್ದೆ ಮಾತ್ರ ಅವರಿಗೆ ಇನ್ನು ಸಾಧ್ಯವಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ನನಗೂ ಅದು ಸೇರದಾಯಿತು. ತುತ್ತು ಮುರಿದರೆ ಸಾಕು, ಅಂಗೈಗೆ ಆ ಬಿಸಿ ನೆನಪಾಗುತ್ತಿತ್ತು. ಆ ಮನೆಯಲ್ಲೂ ಮಳವಳ್ಳಿಯಲ್ಲೂ ಬರಿ ಅನ್ನ ಉಣ್ಣುತ್ತಿದ್ದೆ. ಯಾರೂ ಗಮನಿಸಿಲ್ಲವೆಂದುಕೊಂಡಿದ್ದೆ.

ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿದ್ದ ಒಂದು ಮಧ್ಯಾಹ್ನ ಅವರು ಹೆಂಡತಿಯನ್ನು ಕರೆದು, ಮುದ್ದೆಯ ತಟ್ಟೆ ತೋರಿಸಿ, ನನ್ನ ಕಡೆ ಕೈ ಮಾಡಿದರು. ಬೇಡವೆಂದೆ. ಕೈ ಇಳಿಸಲಿಲ್ಲ. ಹಾಸಿಗೆಯ ಮಗ್ಗುಲಲ್ಲೇ ತಟ್ಟೆ ಹಿಡಿದು ಕೂತು ಒಂದು ತುತ್ತು ಬಾಯಿಗಿಟ್ಟುಕೊಂಡೆ. ಒಳಗೆ ಇಳಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

ಎಡಗೈ ನನ್ನ ತಲೆಯ ಮೇಲೆ ಬಂದು, ಮೆಲ್ಲಗೆ ಒತ್ತಿತು.

"ತಲೆ ಬಗ್ಸು," ಅಂದರು. "ನುಂಗವ್ವ."

ನುಂಗಿದೆ. ತುತ್ತು ಜಾರುವುದನ್ನು ಅವರು ನನ್ನ ಗಂಟಲಿನಲ್ಲಿ ಕೊನೆಯವರೆಗೂ ನೋಡಿದರು. ಅವರ ಬರಿಗಂಟಲೂ ಒಮ್ಮೆ ಏರಿ ಇಳಿಯಿತು. ಆಮೇಲೆ ಕಣ್ಣು ಮುಚ್ಚಿ ತೆರೆದರು.