ಬಾಣಂತಿ ಕೋಣೆಯ ಬಿರುಕು

ಅರವತ್ತರ ದಶಕದಲ್ಲಿ ಭದ್ರಾವತಿಯ ಹಳೇನಗರದಲ್ಲಿ ನಮ್ಮ ಮನೆ ಕಟ್ಟಿದ ಮೇಸ್ತ್ರಿ, ಏನೇ ಹೇಳುವ ಮುಂಚೆ ಗೋಡೆಗೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. "ಅವಸರ ಬೇಡ್ರಮ್ಮ" ಎನ್ನುವುದು ಅವರ ಮಾತು.

ಅಕ್ಕನ ಬಾಣಂತನದಲ್ಲಿ ಅವಳ ಕೋಣೆಯ ಸಿಮೆಂಟ್ ಇಟ್ಟಿಗೆ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಟ್ಟಿತು. "ಗಾರೆ ಮೆತ್ತಿಬಿಡಿ ಮೇಸ್ತ್ರಿ" ಎಂದಳು ಅಮ್ಮ. ಅವರು ಬಿರುಕಿಗೆ ಅಡ್ಡಲಾಗಿ ಗಾಜಿನ ಚೂರೊಂದನ್ನು ಅಂಟಿಸಿ ಹೋದರು. ವಾರದೊಳಗೆ ಗಾಜು ಸೀಳಿಹೋಯಿತು.

"ಅವಸರ ಬೇಡ್ರಮ್ಮ. ಗಾಜು ಒಡೀತು ಅಂದ್ರೆ ಗೋಡೆ ಇನ್ನೂ ಕುಸೀತಾ ಇದೆ, ಮೆತ್ತಿದ್ರೆ ನಿಲ್ಲಲ್ಲ. ಬಚ್ಚಲ ಮೋರೀನ ಈ ಗೋಡೆ ಪಾಯಕ್ಕೆ ತೀರಾ ಹತ್ರ ಮಾಡಿಬಿಟ್ಟಿದ್ದೀನಿ, ನೀರಿಳಿದು ಅಡಿ ಮಣ್ಣು ಮೆತ್ತಗಾಗಿದೆ. ಮಗೂನ ಇಲ್ಲಿ ಮಲಗಿಸ್ಬೇಡಿ."

ಮೋರಿ ತಿರುಗಿಸಿ, ಪಾಯ ಭದ್ರಮಾಡಲು ಆ ಮೂಲೆಯನ್ನು ತಾವೇ ಕೆಡವತೊಡಗಿದರು. ಬೀದಿಯವರು ನಿಂತು, "ಯಾರು ಮಾರಾಯ ಹೀಗೆ ಕಟ್ಟಿದ್ದು?" ಎಂದರೆ ಸುತ್ತಿಗೆ ಕೆಳಗಿಟ್ಟು, "ನಾನೇ ಸ್ವಾಮಿ" ಎನ್ನುತ್ತಿದ್ದರು.